ಅವಕಲನದ ಎದುರು ಬನಾಖ್

ಸ್ಟೆಫಾನ್ ಬನಾಖ್ 1932ರಲ್ಲಿ ಫ್ರೆಂಚಿನಲ್ಲಿ ಹೊರತಂದ ರೇಖೀಯ ಆಪರೇಟರ್‌ಗಳ ಪುಸ್ತಕವನ್ನು ಅದರ ವ್ಯಾಪ್ತಿಗಾಗಿ ಹೊಗಳುವವರು ಹೆಚ್ಚು. ನನಗೆ ಅದು ದೊಡ್ಡದೆನಿಸುವುದು ಅದರ ಮಿತವ್ಯಯಕ್ಕೆ. ಒಂದೊಂದು ಫಂಕ್ಷನ್ನನ್ನೂ ಒಂದು ಬಿಂದುವೆಂದು ಎಣಿಸುವುದು, ದೂರವನ್ನು ನಾರ್ಮ್‌ನಿಂದ ಅಳೆಯುವುದು, ತಮ್ಮತಮ್ಮಲ್ಲೇ ಹತ್ತಿರವಾಗುತ್ತ ಹೋಗುವ ಬಿಂದುಗಳ ಸಾಲು ಸೇರಬೇಕಾದ ನೆಲೆ ಸ್ಪೇಸಿನೊಳಗೇ ಇರಬೇಕೆನ್ನುವುದು. ಇಷ್ಟೇ ಬಂಡವಾಳ; ಇಂಥದ್ದೇ ಬನಾಖ್ ಸ್ಪೇಸ್.

ಈ ಬಂಡವಾಳದಿಂದ ಏನು ಸಾಧ್ಯವೆಂಬುದಕ್ಕೆ ಫೂರಿಯೇ ಸರಣಿಯನ್ನು ನೋಡಬೇಕು. ನಿರಂತರ ಫಂಕ್ಷನ್ನಿನ ಸರಣಿಯೂ ಒಂದು ಬಿಂದುವಿನಲ್ಲಿ ಮಿತಿ ತಲುಪದೆ ಹೋಗಬಹುದೆಂದು ಪಾಲ್ ದು ಬ್ವಾ-ರೇಮೋಂ 1873ರಲ್ಲಿ ಬಲು ಕಷ್ಟದಿಂದ ಒಂದು ಉದಾಹರಣೆ ಕಟ್ಟಿ ತೋರಿಸಿದ್ದರು. ಬನಾಖ್ ಮತ್ತು ಸ್ಟೈನ್‌ಹೌಸ್ 1927ರಲ್ಲಿ ಕೊಟ್ಟ ಪ್ರಮೇಯಕ್ಕೆ ಆ ಪಾಡಿಲ್ಲ. ಆ ಬಿಂದುವಿನಲ್ಲಿ ಸರಣಿಯ ಎನ್‌ನೇ ಪದದವರೆಗಿನ ಮೊತ್ತ ಕೊಡುವ ಆಪರೇಟರ್‌ನ ನಾರ್ಮ್, ಅಂದರೆ ಅದು ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದೆಂಬ ಅಳತೆ, ಎನ್‌ನ ಲಾಗರಿದಮ್ಮಿನ ವೇಗದಲ್ಲಿ ಮಿತಿಯಿಲ್ಲದೆ ಬೆಳೆಯುತ್ತದೆ. ಅಷ್ಟು ಲೆಕ್ಕ ಹಾಕಿದರೆ ಅಂಥ ಫಂಕ್ಷನ್ ಇದ್ದೇ ತೀರಬೇಕು. ಗಣಿತಜ್ಞ ಬೇರ್ ಹೇಳಿದ ಅರ್ಥದಲ್ಲಿ ಬಹುಪಾಲು ನಿರಂತರ ಫಂಕ್ಷನ್‌ಗಳೇ ಅಂಥವು! ಈ ವಾದ ಒಂದನ್ನೂ ಕೈಗೆ ಕೊಡುವುದಿಲ್ಲ ಎಂಬ ಆಕ್ಷೇಪವಿದೆ. ನಾನು ಒಪ್ಪುವುದಿಲ್ಲ. ಅಪವಾದವೆಂದು ತೋರುತ್ತಿದ್ದದ್ದೇ ಸಾಮಾನ್ಯ ಸ್ಥಿತಿ ಎಂಬುದು ಎಷ್ಟು ಉದಾಹರಣೆ ಪೇರಿಸಿದರೂ ಗೊತ್ತಾಗುತ್ತಿರಲಿಲ್ಲ.

ನನ್ನ ತಕರಾರು ಬೇರೆ. ವಿಶ್ಲೇಷಣೆಯಲ್ಲಿ ದಿನಬೆಳಗಾದರೆ ಬೇಕಾಗುವ ಅವಕಲನಕ್ಕೇ ಇಲ್ಲಿ ಸರಿಯಾದ ಜಾಗವಿಲ್ಲ. ಸೈನ್ 10,000ಎಕ್ಸ್ ಅನ್ನು 100ರಿಂದ ಭಾಗಿಸಿ. ಅಲೆಯ ಎತ್ತರ 0.01, ಗರಿಷ್ಠ ಎತ್ತರವೇ ನಾರ್ಮ್ ಆದರೆ ಇದು ಸೊನ್ನೆಗೆ ಅಂಟಿಕೊಂಡಂತಿದೆ. ಅವಕಲಿಸಿದೊಡನೆ ಎತ್ತರ 100ಕ್ಕೆ ಜಿಗಿಯುತ್ತದೆ. ಅಂದರೆ ಈ ಆಪರೇಟರ್ ನಿರಂತರವಲ್ಲ. ನಾರ್ಮ್‌ಗೆ ಇಳಿಜಾರಿನ ಅಳತೆಯನ್ನೂ ಸೇರಿಸಿದರೆ ನಿರಂತರವಾಗುತ್ತದೆ, ನಿಜ. ಆದರೆ ಹೊರಟ ಸ್ಪೇಸ್ ಒಂದು, ತಲುಪುವ ಸ್ಪೇಸ್ ಇನ್ನೊಂದು. ಎರಡನೆಯ ಸಲ ಅವಕಲಿಸಲು ನಾರ್ಮ್ ಮತ್ತೆ ಬದಲಾಗಬೇಕು.

ಕ್ಲೋಸ್ಡ್ ಗ್ರಾಫ್ ಪ್ರಮೇಯದ ಪ್ರಕಾರ, ಅವಕಲನದಂತೆ ಗ್ರಾಫ್ ಮುಚ್ಚಿದ್ದೂ ನಿರಂತರವಲ್ಲದ ಆಪರೇಟರ್ ಇಡೀ ಬನಾಖ್ ಸ್ಪೇಸಿನ ಮೇಲೆ ನಿಲ್ಲಲಾರದು. ಈ ಪ್ರಮೇಯ ಬನಾಖ್ ಅವರದೇ. ಬಾಗಿಲವರೆಗೆ ಬಂದ ಅವರು ಒಳಗೆ ಹೋಗಲಿಲ್ಲ. ಅದೇ 1932ರಲ್ಲಿ ಫಾನ್ ನಾಯ್ಮನ್ ಕ್ವಾಂಟಮ್ ಮೆಕ್ಯಾನಿಕ್ಸ್ ಕುರಿತ ಪುಸ್ತಕದಲ್ಲೂ ಮಾರ್ಷಲ್ ಸ್ಟೋನ್ ಹಿಲ್ಬರ್ಟ್ ಸ್ಪೇಸ್ ಕುರಿತ ಪುಸ್ತಕದಲ್ಲೂ ಅಂಥ ಆಪರೇಟರ್‌ಗಳನ್ನೇ ನೇರವಾಗಿ ಎದುರಿಸಿದರು. ಬನಾಖ್ ವಾಸ್ತವ ಸಂಖ್ಯೆಗಳಿಗೇ ಕಟ್ಟುಬಿದ್ದದ್ದರಿಂದ ಸ್ಪೆಕ್ಟ್ರಮ್ಮಿನ ವಿಚಾರವೂ ಹೊರಗುಳಿಯಿತು. ಮುಂದೆ ಲೊರಾಂ ಶ್ವಾರ್ಟ್ಸ್ 1940ರ ದಶಕದಲ್ಲಿ ಒಂದೇ ನಾರ್ಮ್ ಸಾಕೆಂಬ ಹಟವನ್ನು ಬಿಟ್ಟು ಡಿಸ್ಟ್ರಿಬ್ಯೂಷನ್‌ಗಳನ್ನು ಕಟ್ಟಿದರು. ಅಲ್ಲಿ ಅವಕಲನ ಎಷ್ಟು ಸಲ ಮಾಡಿದರೂ ನಿರಂತರ.