ಪುಣ್ಯಕೋಟಿಯೂ ನೀತಿಪಾಠವೂ

ಕನ್ನಡ ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ಓದಿದವರ ಪೈಕಿ ‘ಗೋವಿನ ಹಾಡ’ನ್ನು ಕೇಳದವರು ವಿರಳ. ಕರ್ತೃ ಯಾರೆಂದು ನಿಶ್ಚಯವಾಗಿ ತಿಳಿಯದ, ಜನರ ನಾಲಗೆಯ ಮೇಲೆಯೇ ಬೆಳೆದುಬಂದ ಈ ಕಥನಗೀತವನ್ನು ನಮ್ಮ ಉಪಾಧ್ಯಾಯರು ತಲೆಮಾರುಗಳಿಂದ ಮಕ್ಕಳಲ್ಲಿ ಸತ್ಯನಿಷ್ಠೆಯನ್ನು ಬೇರೂರಿಸತಕ್ಕ ಸಾಧನವೆಂದು ಭಾವಿಸಿ ಬಳಸುತ್ತ ಬಂದಿರುವರು. ಹಾಡು ಆ ಕಾರ್ಯಕ್ಕೆ ಯೋಗ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದನ್ನು ನಾವು ಬಳಸುವ ರೀತಿಯ ವಿಷಯದಲ್ಲಿ ಮಾತ್ರ ಬಹಳವಾಗಿ ಉಂಟು.

ಮೊದಲು ಹಾಡಿನ ಗುಣವನ್ನು ನೋಡೋಣ. ಮಕ್ಕಳಿಗಾಗಿ ಬರೆಯಲ್ಪಡುವ ನೀತಿಕಥೆಗಳಲ್ಲಿ ಸತ್ಯವು ಸಾಮಾನ್ಯವಾಗಿ ಲಾಭದಾಯಕವಾದ ವ್ಯಾಪಾರ: ನಿಜ ಹೇಳಿದವನಿಗೆ ಕಥೆಯ ಕೊನೆಯಲ್ಲಿ ಹೊನ್ನೋ ಬಹುಮಾನವೋ ಕಾದಿರುತ್ತದೆ, ಸುಳ್ಳು ಹೇಳಿದವನಿಗೆ ಶಿಕ್ಷೆ. ಗೋವಿನ ಹಾಡಿನಲ್ಲಿ ಹಾಗಿಲ್ಲ. ಕಾಳಿಂಗ ಗೊಲ್ಲನ ದೊಡ್ಡಿಗೆ ಮರಳುವ ದಾರಿಯಲ್ಲಿ ಅರ್ಬುತನೆಂಬ ಹಸಿದ ಹುಲಿಯ ಕೈಗೆ ಸಿಕ್ಕಿದ ಪುಣ್ಯಕೋಟಿಯೆಂಬ ಹಸುವು ಕರುವಿಗೆ ಹಾಲೂಡಿ ಬರುವೆನೆಂದು ಭಾಷೆಯಿತ್ತು ಬಿಡುಗಡೆ ಪಡೆದ ಮೇಲೆ, ದೊಡ್ಡಿಯೊಳಗೆ ಅವಳನ್ನು ತಡೆದು ಹಿಂದಕ್ಕಟ್ಟುವವರು ಯಾರೂ ಇಲ್ಲ. ಅವಳು ಅಲ್ಲಿಯೇ ಉಳಿದರೆ ಹುಲಿಯು ಕಾಡಿನಲ್ಲಿ ಶಪಿಸಿಕೊಂಡು ಕುಳಿತಿರುವುದಲ್ಲದೆ ಬೇರೇನೂ ಆಗದು. ಮರಳಿ ಹೋದರೆ ಸಿಗುವುದು ಸಾವು ಮಾತ್ರ. ಅದಕ್ಕಿಂತ ಕಠಿನವಾದದ್ದು ಮತ್ತೊಂದಿದೆ. ತಾಯಿಯ ಸತ್ಯದ ಬೆಲೆಯನ್ನು ತಾಯಿಯೊಬ್ಬಳೇ ತೆರುವುದಿಲ್ಲ, ಏನನ್ನೂ ಅರಿಯದ ಕರುವೂ ತೆರಬೇಕು. ಇನ್ನು ತಾನು ಯಾರ ಮೊಲೆಯುಣ್ಣಬೇಕು, ಯಾರ ಬಳಿ ಮಲಗಬೇಕು ಎಂದು ಅದು ಕೇಳುವಾಗ, ಒಳ್ಳೆಯ ನಡತೆಯೆಂಬುದು ಇನ್ನೊಬ್ಬರಿಗೆ ನೋವನ್ನೂ ಉಂಟುಮಾಡಬಲ್ಲುದೆಂಬ, ಹಿರಿಯರು ಮಕ್ಕಳಿಂದ ಮರೆಮಾಡಲು ಹವಣಿಸುವ ವಿಚಾರವನ್ನು ಈ ಹಾಡು ಎಂಟು ವರ್ಷದ ಕೂಸಿನ ಎದುರಿಗೆ ನಿಸ್ಸಂಕೋಚವಾಗಿ ಇರಿಸುತ್ತದೆ. ತಬ್ಬಲಿಯನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮ ಕಂದನೆಂದೇ ಕಾಣಿರೆಂದು ಪುಣ್ಯಕೋಟಿಯು ಒಡನಾಡಿ ಹಸುಗಳಲ್ಲಿ ಬೇಡಿಕೊಳ್ಳುವ ಭಾಗವಂತೂ, ಒಬ್ಬರ ಧರ್ಮವು ನಿಲ್ಲಬೇಕಾದರೆ ನೆರೆಯವರ ದಯೆಯೂ ಜೊತೆಗೂಡಬೇಕೆಂಬುದನ್ನು ಯಾವ ಉಪದೇಶವೂ ಇಲ್ಲದೆ ತಿಳಿಸಿಬಿಡುತ್ತದೆ.

ಹುಲಿಯ ಪಾತ್ರದ ಹೆಚ್ಚಳವು ಸಂಸ್ಕೃತದ ಕಥೆಯೊಡನೆ ಇಟ್ಟು ನೋಡಿದಾಗ ಚೆನ್ನಾಗಿ ಗೋಚರಿಸುತ್ತದೆ. ಪದ್ಮಪುರಾಣದಲ್ಲಿ ಇಂಥದೇ ವೃತ್ತಾಂತವೊಂದಿದೆ. ಅಲ್ಲಿ ಹಸುವಿನ ಹೆಸರು ನಂದೆ. ಹುಲಿಯಾದರೋ ವಾಸ್ತವವಾಗಿ ಪ್ರಭಂಜನನೆಂಬ ಅರಸು. ಮರಿಗೆ ಹಾಲೂಡುತ್ತಿದ್ದ ಹೆಣ್ಣು ಜಿಂಕೆಯನ್ನು ಬಾಣದಿಂದ ಹೊಡೆದ ಪಾಪಕ್ಕಾಗಿ ಅದರ ಶಾಪದಿಂದ ವ್ಯಾಘ್ರರೂಪವನ್ನು ತಳೆದವನು. ನಂದೆಯ ಹೆಸರನ್ನು ಕೇಳಿದೊಡನೆ ಅವನಿಗೆ ಶಾಪವಿಮೋಚನೆ. ಕಥೆ ರಮ್ಯವಾದದ್ದೇ ಸರಿ, ಆದರೆ ಅಲ್ಲಿ ಮನಸ್ಸು ಮಾಡಬೇಕಾದ ಕೆಲಸವನ್ನು ಶಾಪದ ಗಡುವು ಮಾಡಿಬಿಡುತ್ತದೆ. ಕನ್ನಡದ ಅರ್ಬುತನಿಗೆ ಪೂರ್ವಜನ್ಮದ ಅರಸುತನವಿಲ್ಲ, ಶಾಪವಿಲ್ಲ. ಅವನು ಹಸಿದ ಹುಲಿ, ಅಷ್ಟೆ. ಕೊಟ್ಟ ಮಾತಿಗಾಗಿ ಸಾಯಲು ಬಂದು ನಿಂತ ಜೀವವನ್ನು ಕಣ್ಣಾರೆ ಕಂಡು, ಇದನ್ನು ತಿಂದು ತಾನು ಬದುಕಲಾರೆನೆಂದು ತನ್ನೊಳಗೇ ನಿಶ್ಚಯಿಸುತ್ತಾನೆ. ನಮ್ಮ ಅನಾಮಧೇಯ ಕವಿಯು ಪುರಾಣಕಾರನಿಗಿಂತ ಮನುಷ್ಯಸ್ವಭಾವವನ್ನು ಹತ್ತಿರದಿಂದ ಕಂಡವನೆಂದು ಹೇಳಲು ನಾನು ಹಿಂಜರಿಯೆನು.

ಹಾಡಿನಲ್ಲಿ ಕುಂದಿಲ್ಲವೆಂದಲ್ಲ. ಹುಲಿಯು ಆಕಾಶಕ್ಕೆ ನೆಗೆದು ಪ್ರಾಣಬಿಡುವ ಅಂತ್ಯವು ಬುದ್ಧಿಯುಳ್ಳ ಮಗುವನ್ನು ಸುಮ್ಮನಿರಗೊಡುವುದಿಲ್ಲ: ಹುಲಿ ಏಕೆ ಸಾಯಬೇಕು? ಅದಕ್ಕೆ ಹಸಿವಾಗಿದ್ದುದು ತಪ್ಪೆ? ಒಳ್ಳೆಯದಾದ ಮೇಲೆ ಬದುಕಬಾರದಿತ್ತೆ? ಪಶ್ಚಾತ್ತಾಪಕ್ಕೆ ಮರಣವಲ್ಲದೆ ಅನ್ಯ ಗತಿಯಿಲ್ಲವೆಂಬ ಭಾವನೆಯನ್ನು ಎಳೆಯ ಮನಸ್ಸಿಗೆ ಹಾಗೆಯೇ ಬಿಟ್ಟುಕೊಡುವುದು ಹಿತವಲ್ಲ. ಆದರೆ ಇದಕ್ಕಾಗಿ ಕೊನೆಯನ್ನು ತಿದ್ದಿ ಹುಲಿ ಹಸುಗಳನ್ನು ಜೊತೆಯಲ್ಲಿ ಹುಲ್ಲು ಮೇಯಿಸುವ ಚಪಲವನ್ನೂ ನಾನು ಒಪ್ಪಲಾರೆ. ಮಗುವಿನ ಪ್ರಶ್ನೆಯೇ ಆ ದಿನದ ನಿಜವಾದ ಪಾಠ. ಉಪಾಧ್ಯಾಯರು ಅದನ್ನು ಮುಚ್ಚದೆ ತರಗತಿಯ ಮುಂದಿಟ್ಟು, ಮಕ್ಕಳು ತಮ್ಮತಮ್ಮಲ್ಲಿಯೇ ವಾದಿಸಲಿ ಎಂದು ತಾಳ್ಮೆಯಿಂದ ಕಾದರೆ ಸಾಕು.

ವಸ್ತುತಃ ನಡೆಯುವುದು ಬೇರೆ. ಪದ್ಯವನ್ನು ಕಂಠಪಾಠ ಮಾಡಿಸಿದ ಬಳಿಕ ‘ಈ ಪದ್ಯದಿಂದ ನೀನು ಕಲಿತ ನೀತಿಯೇನು?’ ಎಂಬ ಪ್ರಶ್ನೆ. ‘ಸದಾ ಸತ್ಯವನ್ನೇ ನುಡಿಯಬೇಕು’ ಎಂಬ ಉತ್ತರ. ಅದಕ್ಕೆ ಎರಡು ಅಂಕ. ಕಬ್ಬಿನ ರಸವನ್ನು ಚೆಲ್ಲಿ ಸಿಪ್ಪೆಯನ್ನು ಜೋಪಾನವಾಗಿ ಕಟ್ಟಿಡುವಂತಹ ಈ ಪದ್ಧತಿಯಲ್ಲಿ ಪಕ್ಕದವನ ಪುಸ್ತಕವನ್ನು ನೋಡಿಕೊಂಡು ಆ ವಾಕ್ಯವನ್ನು ಬರೆದ ಹುಡುಗನಿಗೂ ಎರಡು ಅಂಕವೇ ಸಲ್ಲುತ್ತದೆ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ನೀತಿಮೌಲ್ಯಗಳ ಬೋಧನೆಗೆ ವಾರಕ್ಕೆ ಒಂದೆರಡು ಅವಧಿಗಳನ್ನು ಮೀಸಲಿಡಬೇಕೆಂದು ಸಲಹೆ ಮಾಡಿತು. ಅವಧಿಯನ್ನು ಮೀಸಲಿಡುವುದು ಸುಲಭ. ಅದನ್ನು ತುಂಬುವುದು ಸುಲಭವಲ್ಲ. ಅಮೆರಿಕದ ಹ್ಯೂ ಹಾರ್ಟ್‌ಷಾರ್ನ್ ಮತ್ತು ಮಾರ್ಕ್ ಮೇ ಎಂಬ ಪಂಡಿತರು ಸಾವಿರಾರು ಮಕ್ಕಳನ್ನು ಪರೀಕ್ಷಿಸಿ 1928ರಲ್ಲಿ ಪ್ರಕಟಿಸಿದ ಸಂಶೋಧನೆಯು ಇಲ್ಲಿ ಸ್ಮರಣೀಯ: ಒಂದು ಸಂದರ್ಭದಲ್ಲಿ ಪ್ರಾಮಾಣಿಕನಾಗಿದ್ದ ಬಾಲಕನು ಇನ್ನೊಂದರಲ್ಲಿಯೂ ಹಾಗೆಯೇ ಇರುವನೆಂಬ ಭರವಸೆಯಿಲ್ಲವೆಂದೂ, ಗುರುಶಿಷ್ಯರ ನಡುವೆ ಸೌಹಾರ್ದವಿದ್ದ ತರಗತಿಗಳಲ್ಲಿ ವಂಚನೆ ಕಡಿಮೆಯೆಂದೂ ಅವರು ಕಂಡರು.

ಈ ಎರಡನೆಯ ಮಾತು ನಮ್ಮ ಹಾಡಿನ ಮರ್ಮಕ್ಕೆ ಬಹು ಸಮೀಪವಾದದ್ದು. ಶಾಲೆಯಲ್ಲಿ ಹಾಡನ್ನು ಬೋಧಿಸುವಾಗ ಎಲ್ಲರ ದೃಷ್ಟಿಯೂ ಹಸುವಿನ ಮೇಲೆಯೇ. ಮಕ್ಕಳು ಪುಣ್ಯಕೋಟಿಯಾಗಬೇಕೆಂಬುದು ಎಲ್ಲರ ಆಶಯ. ಆದರೆ ಬಲ್ಲಿದನ ಎದುರಿಗೆ ದುರ್ಬಲನು ನಿಜ ನುಡಿದಾಗ ಬಲ್ಲಿದನು ಏನು ಮಾಡಿದನೆಂಬುದೂ ಕಥೆಯ ಅರ್ಧವಲ್ಲವೆ? ಮನೆಪಾಠವನ್ನು ಮಾಡಲಿಲ್ಲವೆಂದು, ಕಿಟಕಿಯ ಗಾಜನ್ನು ಒಡೆದವನು ತಾನೇ ಎಂದು ಎದ್ದುನಿಂತು ಒಪ್ಪಿಕೊಂಡ ಮಗುವಿಗೆ ಏಟೋ ಅಪಹಾಸ್ಯವೋ ದೊರೆತು, ಬಾಯಿ ಮುಚ್ಚಿ ಕುಳಿತವನು ಪಾರಾದರೆ, ಆ ತರಗತಿಯು ಅಂದು ಕಲಿತ ನೀತಿಯನ್ನು ಯಾವ ಪದ್ಯವೂ ಅಳಿಸಲಾರದು. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. ಕಾಯಿದೆಯು ಕೈಯನ್ನು ಕಟ್ಟಬಲ್ಲುದು, ಕಣ್ಣಿನ ಬಿರುಸನ್ನು ಕಟ್ಟಲಾರದು. ತಪ್ಪಿಗೆ ಪ್ರತಿಫಲ ಬೇಡವೆಂದು ನನ್ನ ವಾದವಲ್ಲ. ಒಡೆದ ಗಾಜಿನ ಚೂರುಗಳನ್ನು ಒಡೆದವನೇ ಗುಡಿಸಲಿ. ನಿಜ ಹೇಳಿದ್ದಕ್ಕಾಗಿ ಅವನು ತಲೆ ತಗ್ಗಿಸುವಂತಾಗಬಾರದು, ಅಷ್ಟೆ.

ಆದುದರಿಂದ ಗೋವಿನ ಹಾಡನ್ನು ಕಲಿಸುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು: ಹಾಡನ್ನು ರಾಗವಾಗಿ ಹಾಡಿರಿ, ಅಭಿನಯಿಸಿರಿ, ಕರುವಿನ ಪ್ರಶ್ನೆಯ ಬಳಿ ತುಸು ನಿಲ್ಲಿರಿ, ಹುಲಿಯ ಸಾವಿನ ವಿಷಯದಲ್ಲಿ ಮಕ್ಕಳು ನಿಮ್ಮೊಡನೆ ಜಗಳವಾಡಿದರೆ ಆಡಗೊಡಿರಿ, ನೀತಿಯೇನೆಂಬ ಆ ಕೊನೆಯ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಕೈಬಿಡಿರಿ.