ಕ್ಷಮೆಯ ಆಜ್ಞೆ, ನಡಾವಳಿಯ ಭಾಷೆ: ಮಿರಿಯಮ್ ಟೇವ್ಸ್ ಅವರ ‘ವಿಮೆನ್ ಟಾಕಿಂಗ್’

ಬೊಲಿವಿಯದ ಮ್ಯಾನಿಟೋಬ ಎಂಬ ಮೆನೊನೈಟ್ ವಸಾಹತಿನಲ್ಲಿ 2005ರಿಂದ 2009ರವರೆಗೆ ನೂರಕ್ಕೂ ಹೆಚ್ಚು ಹೆಂಗಸರು ಮತ್ತು ಹುಡುಗಿಯರು ನಿದ್ದೆಯಲ್ಲಿದ್ದಾಗಲೇ ಅತ್ಯಾಚಾರಕ್ಕೊಳಗಾದರು. ಜಾನುವಾರುಗಳಿಗೆ ಬಳಸುವ ಅರಿವಳಿಕೆ ಔಷಧವನ್ನು ಸಿಂಪಡಿಸಿ ಮನೆಯೊಳಗೆ ನುಗ್ಗುತ್ತಿದ್ದವರು ಹೊರಗಿನವರಲ್ಲ, ಅದೇ ಸಭೆಯ ಗಂಡಸರು. 2011ರಲ್ಲಿ ಅಲ್ಲಿನ ನ್ಯಾಯಾಲಯ ಏಳು ಮಂದಿಗೆ 25 ವರ್ಷಗಳ, ಔಷಧ ಒದಗಿಸಿದವನಿಗೆ 12 ವರ್ಷಗಳ ಸೆರೆವಾಸ ವಿಧಿಸಿತು. ಕೆನಡದ ಮೆನೊನೈಟ್ ಪರಿಸರದಲ್ಲಿಯೇ ಬೆಳೆದ ಮಿರಿಯಮ್ ಟೇವ್ಸ್ 2018ರಲ್ಲಿ ಪ್ರಕಟಿಸಿದ ‘ವಿಮೆನ್ ಟಾಕಿಂಗ್’ ಕಾದಂಬರಿಗೆ ಈ ಘಟನೆಯೇ ಹಿನ್ನೆಲೆ. ಆದರೆ ಕಾದಂಬರಿ ಅಪರಾಧವನ್ನು ಚಿತ್ರಿಸುವುದಿಲ್ಲ. ಅಪರಾಧ ಬಯಲಾದ ಮೇಲೆ ಒಂದು ಧಾರ್ಮಿಕ ಸಮುದಾಯ ಏನು ಮಾಡಬೇಕು ಎಂಬ ಪ್ರಶ್ನೆಯಿಂದ ಅದು ಆರಂಭವಾಗುತ್ತದೆ.

ಕಾಲ್ಪನಿಕ ವಸಾಹತಿನ ಹೆಸರು ಮೊಲೊಚ್ನ. ಬಂಧಿತರನ್ನು ಜಾಮೀನಿನ ಮೇಲೆ ಬಿಡಿಸಿ ತರಲು ಗಂಡಸರು ಪಟ್ಟಣಕ್ಕೆ ಹೋಗಿದ್ದಾರೆ. ಅವರು ಮರಳಿದ ಮೇಲೆ ಹೆಂಗಸರು ಅಪರಾಧಿಗಳನ್ನು ಕ್ಷಮಿಸಬೇಕು, ಇಲ್ಲವಾದರೆ ವಸಾಹತನ್ನು ತೊರೆಯಬೇಕು ಎಂಬುದು ಬಿಷಪ್ ಪೀಟರ್ಸ್ ಆಜ್ಞೆ. ಉಳಿದಿರುವುದು ಎರಡೇ ದಿನ. ಏನನ್ನೂ ಮಾಡದಿರುವುದು, ಉಳಿದು ಹೋರಾಡುವುದು, ಹೊರಟುಹೋಗುವುದು ಎಂಬ ಮೂರು ಆಯ್ಕೆಗಳ ಮೇಲೆ ಮತ ಹಾಕಲು ಅಕ್ಷರ ಬಾರದ ಹೆಂಗಸರು ಚಿತ್ರಗಳನ್ನು ಬಳಸುತ್ತಾರೆ. ಕೊನೆಯ ಎರಡಕ್ಕೆ ಸಮನಾದ ಮತ ಬಿದ್ದುದರಿಂದ ಎರಡು ಮನೆತನಗಳ ಎಂಟು ಮಂದಿ ಹುಲ್ಲಟ್ಟದ ಮೇಲೆ ಸೇರಿ ಚರ್ಚಿಸುತ್ತಾರೆ. ಆ ಚರ್ಚೆಯ ನಡಾವಳಿಯೇ ಕಾದಂಬರಿ.

ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿದವರಿಗೆ ಕೃತಿಯ ಮೊದಲ ಸವಾಲು ಇಲ್ಲಿದೆ. ಈ ಹೆಂಗಸರು ಆಡುವುದು ಪ್ಲೌಟ್‌ಡೀಚ್. ಪ್ರಷ್ಯ, ರಷ್ಯ, ಕೆನಡ, ಮೆಕ್ಸಿಕೋಗಳನ್ನು ಹಾದು ಬಂದ ಜನ ಮನೆಯೊಳಗೆ ಕಾಪಾಡಿಕೊಂಡ ಮಾತು ಅದು. ದೇಶದ ಭಾಷೆಯಾದ ಸ್ಪ್ಯಾನಿಷ್ ಅವರಿಗೆ ಬಾರದು. ಭಾಷೆಯ ಉಳಿವನ್ನು ಸಮುದಾಯದ ಸಾಧನೆಯೆಂದು ಕೊಂಡಾಡುವುದು ಅಲ್ಪಸಂಖ್ಯಾತ ಅಧ್ಯಯನಗಳ ಅಭ್ಯಾಸ. ಟೇವ್ಸ್ ಅದರ ಇನ್ನೊಂದು ಮುಖವನ್ನು ತೋರಿಸುತ್ತಾರೆ. ಹೊರಗಿನ ಭಾಷೆಯನ್ನು ಗಂಡಸರು ಬಲ್ಲರು, ಹೆಂಗಸರು ಅರಿಯರು ಎಂದಾದಾಗ ಭಾಷೆಯ ಗಡಿ ಊರಬೇಲಿಯಷ್ಟೇ ಬಲವಾಗುತ್ತದೆ. ದೂರು ಹೇಳಬೇಕಾದವಳು ಯಾರ ಮೇಲೆ ದೂರಬೇಕೋ ಅವರ ಬಂಧುವನ್ನೇ ದುಭಾಷಿಯನ್ನಾಗಿ ಅವಲಂಬಿಸಬೇಕಾಗುತ್ತದೆ.

ಸಮುದಾಯ ತನ್ನೊಳಗಿನ ಹಿಂಸೆಯನ್ನು ಅಡಗಿಸುವ ಕ್ರಮವನ್ನು ಕೃತಿ ಮೂರು ಹಂತಗಳಲ್ಲಿ ಬಿಡಿಸುತ್ತದೆ. ಮೊದಲನೆಯದು ವ್ಯಾಖ್ಯಾನ: ಇದು ದೆವ್ವಗಳ ಕೆಲಸ, ಪಾಪಕ್ಕೆ ಬಂದ ಶಿಕ್ಷೆ, ಅಥವಾ ಹೆಂಗಸರ ಕಲ್ಪನೆ. ಎರಡನೆಯದು ನಿರಾಕರಣೆ: ಮೂರು ವರ್ಷದ ಮಗುವಿಗೂ ವೈದ್ಯರನ್ನು ಕರೆಸಲು ಪೀಟರ್ಸ್ ಒಪ್ಪುವುದಿಲ್ಲ, ವಿಷಯ ಹೊರಗೆ ಹರಡೀತೆಂಬುದೇ ಅವನ ಅಂಜಿಕೆ. ಮೂರನೆಯದು ಕ್ಷಮೆ. ಈ ಮೂರರಲ್ಲಿ ಕೊನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸಂತ್ರಸ್ತೆಯ ನಂಬಿಕೆಯನ್ನೇ ಅವಳ ಬಾಯಿ ಮುಚ್ಚಿಸಲು ಬಳಸುತ್ತದೆ. ಕ್ಷಮಿಸದವರಿಗೆ ಸ್ವರ್ಗವಿಲ್ಲವೆಂದು ಹೇಳಿದ ಮೇಲೆ ಅಪರಾಧಿಯ ಮೇಲಿದ್ದ ಪಾಪದ ಭಾರ ದೂರುದಾರಳ ಹೆಗಲಿಗೆ ಬರುತ್ತದೆ.

ಹೆಂಗಸರ ಉತ್ತರ ಧರ್ಮವನ್ನು ತಳ್ಳಿಹಾಕುವುದಲ್ಲ ಎಂಬುದು ಗಮನಾರ್ಹ. ಬಲವಂತದ ಕ್ಷಮೆ ಕ್ಷಮೆಯೇ ಅಲ್ಲ, ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳುವುದು ದೇವರೆದುರು ಸುಳ್ಳಾಡಿದಂತೆ ಎಂದು ಅವರು ವಾದಿಸುತ್ತಾರೆ. ಉಳಿದರೆ ಕೈ ರಕ್ತವಾದೀತು, ಹಿಂಸೆಯನ್ನು ಒಲ್ಲದ ತಮ್ಮ ವಿಶ್ವಾಸಕ್ಕೆ ಅದು ದ್ರೋಹ. ಹೀಗೆ ಹೊರಡುವ ನಿರ್ಧಾರವೇ ವಿಶ್ವಾಸದ ಪಾಲನೆಯಾಗುತ್ತದೆ. ಬಿಷಪ್ ಓದಬಲ್ಲ ಗ್ರಂಥವನ್ನು ಓದಲಾರದವರು ಅವನಿಗಿಂತ ಸರಿಯಾಗಿ ಅರ್ಥೈಸಿದ್ದಾರೆ.

ನಡಾವಳಿ ಬರೆಯುವವನು ಗಂಡಸು: ಊರಿನಿಂದ ಬಹಿಷ್ಕೃತರಾದವರ ಮಗ, ಮರಳಿ ಬಂದು ಶಾಲಾಮಾಸ್ತರನಾದ ಆಗಸ್ಟ್ ಎಪ್. ಪ್ಲೌಟ್‌ಡೀಚ್‌ನಲ್ಲಿ ಕೇಳಿದ್ದನ್ನು ಅವನು ಇಂಗ್ಲಿಷಿನಲ್ಲಿ ದಾಖಲಿಸುತ್ತಾನೆ. ಹೆಂಗಸರ ದನಿಯನ್ನು ಗಂಡಸಿನ ಲೇಖನಿಗೆ ಒಪ್ಪಿಸಿದ್ದು ಕೃತಿಯ ದೋಷವೆಂದು ಹೇಳಲು ಸಾಧ್ಯ, ಆದರೆ ಆ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ಅಕ್ಷರ ನಿರಾಕರಿಸಲ್ಪಟ್ಟವರ ಸಾಕ್ಷ್ಯ ಇನ್ನೊಬ್ಬರ ಕೈಯಿಂದಲೇ ದಾಖಲೆಯಾಗಬೇಕೆಂಬ ಕಟುಸತ್ಯವನ್ನು ಟೇವ್ಸ್ ಮರೆಮಾಚಿಲ್ಲ. ಕೊರತೆ ಇರುವುದು ಬೇರೆಡೆ. ಅನುವಾದ ತೀರ ನಯವಾಗಿದೆ. ಯಾವ ಪದ ಇಂಗ್ಲಿಷಿಗೆ ಬರಲೊಲ್ಲದೆ ಹೋಯಿತು, ಎಲ್ಲಿ ಬರೆಯುವವನು ತಪ್ಪಿದ ಎಂಬುದು ಓದುಗನಿಗೆ ವಿರಳವಾಗಿ ಮಾತ್ರ ತಿಳಿಯುತ್ತದೆ. ನಿಜಜೀವನದ ದೂರುಗಳು ಸೋಲುವುದು ಅನೇಕ ಸಲ ಅಂತಹ ಎಡೆಗಳಲ್ಲೇ.

ಕ್ಲೇರ್ ಕೀಗನ್ ಅವರ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (2021) ಜೊತೆಗಿಟ್ಟು ನೋಡಿದರೆ ಈ ಕೃತಿಯ ವಿಶಿಷ್ಟತೆ ಸ್ಪಷ್ಟವಾಗುತ್ತದೆ. 1985ರ ಐರ್ಲೆಂಡಿನಲ್ಲಿ ಕಲ್ಲಿದ್ದಲು ವ್ಯಾಪಾರಿ ಬಿಲ್ ಫರ್ಲಾಂಗ್ ಕಾನ್ವೆಂಟಿನ ಶೆಡ್ಡಿನಲ್ಲಿ ಕೂಡಿಹಾಕಲ್ಪಟ್ಟ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಅಲ್ಲಿ ಭಾಷೆಯ ತಡೆಯಿಲ್ಲ, ಊರಿಗೆಲ್ಲ ವಿಷಯ ಗೊತ್ತು. ಆದರೂ ಹೆಣ್ಣುಮಕ್ಕಳ ಶಾಲೆ, ವ್ಯಾಪಾರ, ಮರ್ಯಾದೆ ಎಲ್ಲವೂ ಕಾನ್ವೆಂಟಿನ ಕೃಪೆಗೆ ಕಟ್ಟುಬಿದ್ದಿರುವುದರಿಂದ ಯಾರೂ ಮಾತಾಡುವುದಿಲ್ಲ. ಕೀಗನ್ ಭರವಸೆ ಇಡುವುದು ಒಬ್ಬನ ಅಂತಃಸಾಕ್ಷಿಯಲ್ಲಿ, ಟೇವ್ಸ್ ಭರವಸೆ ಇಡುವುದು ಸಂತ್ರಸ್ತೆಯರೇ ಸೇರಿ ನಡೆಸಿದ ಸಭೆಯಲ್ಲಿ. ಐರ್ಲೆಂಡಿನ ಕೊನೆಯ ಮ್ಯಾಗ್ಡಲೀನ್ ಲಾಂಡ್ರಿ ಮುಚ್ಚಿದ್ದು 1996ರಲ್ಲಿ, ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಒಬ್ಬೊಬ್ಬರ ಅಂತಃಸಾಕ್ಷಿಯನ್ನೇ ನೆಚ್ಚಿ ಕುಳಿತರೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಈ ವರ್ಷಗಳೇ ಸಾಕ್ಷಿ.

ತಡೆಯ ಪ್ರಶ್ನೆಯನ್ನೂ ಕಾದಂಬರಿ ಬಿಟ್ಟಿಲ್ಲ. ಹೊರಡುವಾಗ ಹದಿಮೂರು, ಹದಿನಾಲ್ಕರ ಹುಡುಗರನ್ನು ಜೊತೆಗೆ ಕರೆದೊಯ್ಯಬೇಕೆ? ಅವರಿಂದ ಅಪಾಯವಿಲ್ಲವೆ? ಅಪಾಯ ಇರಬಹುದು, ಆದರೆ ಅವರಿಗೆ ಕಲಿಸಲೂ ಸಾಧ್ಯ ಎಂಬುದು ಮಾಸ್ತರನ ಉತ್ತರ. ಹಿಂಸೆಯನ್ನು ಕೆಲವರ ದುಷ್ಟತನವೆಂದು ಕೈತೊಳೆದುಕೊಳ್ಳದೆ, ಗಂಡುಮಕ್ಕಳನ್ನು ಬೆಳೆಸುವ ರೀತಿಯಲ್ಲಿ ಅದರ ಬೇರನ್ನು ಹುಡುಕುವ ಈ ಭಾಗ ಕೃತಿಯ ಅತ್ಯಂತ ಪ್ರಾಮಾಣಿಕ ಪುಟಗಳಲ್ಲೊಂದು.

ಗಡಿನಾಡಿನ ಓದುಗರಿಗೆ ಇದು ದೂರದ ಕಥೆಯಲ್ಲ. ಕಥೋಲಿಕ ಸಭೆಯಲ್ಲಿ ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಕಾಯಂಗೊಳಿಸಿದ ನಿಯಮಾವಳಿಯ ಪ್ರಕಾರ ದೂರು ಕೊಟ್ಟವರ ಮೇಲೆ ಮೌನವನ್ನು ಹೇರುವಂತಿಲ್ಲ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ಪಾದ್ರಿಗೂ ಸಂಸ್ಥೆಯ ಮುಖ್ಯಸ್ಥರಿಗೂ ಇದರಿಂದ ವಿನಾಯಿತಿಯಿಲ್ಲ. ಹೇಳಿಕೆ ದಾಖಲಾಗುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಒದಗಿಸಬೇಕೆಂದೂ ಅದೇ ಕಲಮು ವಿಧಿಸುತ್ತದೆ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕಾಸರಗೋಡು ಭಾಗದ ಎಷ್ಟೋ ಕಥೋಲಿಕ ಮನೆಗಳಲ್ಲಿ ಮಾತು ಕೊಂಕಣಿ, ಓದು ಕನ್ನಡ, ಠಾಣೆಯ ವ್ಯವಹಾರ ಮಲಯಾಳ. ಅಂತಹ ಮನೆಯ ಮಗುವಿನ ಮಟ್ಟಿಗೆ ಈ ಉಪಕಲಮು ಔಪಚಾರಿಕ ಸೌಲಭ್ಯವಲ್ಲ, ನ್ಯಾಯದ ಬಾಗಿಲು. ಭಾಷಾ ಅಲ್ಪಸಂಖ್ಯಾತರ ಹಕ್ಕೊತ್ತಾಯಗಳು ಶಾಲೆ, ನೇಮಕಾತಿ, ನಾಮಫಲಕಗಳ ಸುತ್ತ ಬೆಳೆದಿವೆ. ಠಾಣೆಯಲ್ಲಿ ಮಗುವಿನ ಪಕ್ಕ ಕೂರುವ, ಊರಿನ ಹಂಗಿಗೆ ಒಳಗಾಗದ ದುಭಾಷಿಯೂ ಆ ಪಟ್ಟಿಯಲ್ಲಿ ಇರಬೇಕು.

ಮೊಲೊಚ್ನದ ಹೆಂಗಸರು ಹೊರಟುಹೋದ ಮೇಲೆ ನಡಾವಳಿ ಆಗಸ್ಟ್ ಬಳಿ ಉಳಿಯುತ್ತದೆ. ಅದನ್ನು ಓದಲಾರದವರಿಗೆ ಅದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಅವನನ್ನು ಕಾಡುತ್ತದೆ. ಓದಬಲ್ಲವರ ಹೊಣೆ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.