ಕೊಳವೆಯ ನೀರಿಗೆ ಲೆಕ್ಕ

1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಜಲಾಶಯಗಳನ್ನು ಕಟ್ಟಲು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಇಂದು ಆ ನಗರ ಕೃಷ್ಣಾ, ಗೋದಾವರಿಗಳ ನೀರನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತದೆ. ಅಷ್ಟು ಕರೆಂಟು ಸುರಿದು ತಂದ ನೀರು ಎಲ್ಲಿ ಎಷ್ಟು ಹೋಯಿತೆಂದು ಹೇಳುವುದು ಫ್ಲೋ ಮೀಟರ್.

ಮನೆ ಮುಂದಿನ ಮೀಟರಿನಲ್ಲಿ ನೀರು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಹಲ್ಲುಗಾಲಿಗಳು ಅಂಕಿ ಉರುಳಿಸುತ್ತವೆ. ಅಗ್ಗದ, ಕರೆಂಟೇ ಬೇಡದ ಜಾಣ ಯಂತ್ರ! ಆದರೆ ಮರಳು ಸಿಕ್ಕರೆ ನಿಂತುಹೋಗುತ್ತದೆ. ಬಿಟ್ಟು ಬಿಟ್ಟು ನೀರು ಬರುವಲ್ಲಿ, ಮೊದಲು ನುಗ್ಗುವ ಗಾಳಿಗೂ ತಿರುಗುತ್ತದೆ.

ದೊಡ್ಡ ಕೊಳವೆಗಳಲ್ಲಿ ವೆಂಚುರಿ ಮೀಟರಿಗೆ ಹಳೆಯ ಗೌರವವಿದೆ. ಕೊಳವೆಯ ಕತ್ತು ಕಿರಿದಾದಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಇಳಿತವೇ ಅಳತೆ.

ಎಲ್ಲಕ್ಕಿಂತ ಸೊಗಸಾದದ್ದು ವಿದ್ಯುತ್ಕಾಂತೀಯ ಮೀಟರ್. ಕಾಂತಕ್ಷೇತ್ರದ ನಡುವೆ ಹರಿಯುವ ನೀರಿನಲ್ಲಿ ವೇಗಕ್ಕೆ ತಕ್ಕಷ್ಟು ವೋಲ್ಟೇಜ್ ಹುಟ್ಟುತ್ತದೆ. 1832ರಲ್ಲಿ ವಿಜ್ಞಾನಿ ಫ್ಯಾರಡೆ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಯಲ್ಲೇ ಇದನ್ನು ಹಿಡಿಯಲು ಯತ್ನಿಸಿ ಸೋತಿದ್ದರು. ಈ ಮೀಟರಿನೊಳಗೆ ತಿರುಗುವ ಭಾಗವಿಲ್ಲ, ಹರಿವಿಗೆ ಅಡ್ಡಿಯಿಲ್ಲ. ವಿದ್ಯುತ್ ಹರಿಯಗೊಡದ ಪೆಟ್ರೋಲಿನಂಥ ದ್ರವಕ್ಕೆ ಮಾತ್ರ ಒಗ್ಗದು.

ಅಲ್ಲಿ ಅಲ್ಟ್ರಾಸಾನಿಕ್ ಮೀಟರ್ ನೆರವಾಗುತ್ತದೆ: ಹರಿವಿನ ಜೊತೆ ಮತ್ತು ಎದುರು ಸಾಗುವ ಶಬ್ದದ ಸಮಯದ ವ್ಯತ್ಯಾಸವೇ ಅದಕ್ಕೆ ಸಾಕು. ಕೊಳವೆ ಕೊಯ್ಯದೆ ಹೊರಗಿನಿಂದಲೂ ಕಟ್ಟಬಹುದು.

2021ರಿಂದ ಹೈದರಾಬಾದಿನ ಮನೆಗಳಿಗೆ ತಿಂಗಳಿಗೆ 20,000 ಲೀಟರ್ ನೀರು ಉಚಿತ. ಬಿಡಿ ಮನೆಗಳು ಅದನ್ನು ಪಡೆಯಲು ನಡೆಯುವ ಮೀಟರ್ ಇರಬೇಕೆಂದು ಜಲಮಂಡಳಿ ಷರತ್ತು ಹಾಕಿತು.